ಮಗಳಿಗೊಂದು ಪತ್ರ: ಕಾಕಂಬಿಗೆ ಯಾವ ದರ?

ಪ್ರೀತಿಯ ಪುಟ್ಟಿ,

ಸಕ್ಕರೆ ಕಾರ್ಖಾನೆಯಲ್ಲಿ ನಿನಗೆ ಸಿಕ್ಕ ಮೊದಲ ಕೆಲಸವೇ ಕಾಕಂಬಿಯ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕದ ದರ ಗೊತ್ತುಮಾಡುವುದು ಅಂದೆ. ಅದು ಹೋಗುವುದು ನಿಮ್ಮದೇ ಕಂಪನಿಯ, ಸ್ಪಿರಿಟ್ ಮಾಡುವ ಡಿಸ್ಟಿಲರಿಗೆ. "ಒಂದೇ ಕಂಪನಿ ತಾನೇ, ಈ ಜೇಬಿಂದ ಆ ಜೇಬಿಗೆ" ಅಂತ ಯಾರೋ ಹೇಳಿದರಂತೆ. ಆ ಮಾತು ಒಪ್ಪಬೇಡ.

ಲೆಕ್ಕ ಹಾಕಿ ನೋಡು. ಹೊರಗಿನವರು ನಿಮ್ಮ ಗೇಟಿಗೇ ಬಂದು ಟನ್‌ಗೆ 9,000 ರೂಪಾಯಿ ಕೊಟ್ಟು ಒಯ್ಯುತ್ತಾರೆ ಅಂದುಕೊಳ್ಳೋಣ. ನೀವು ಡಿಸ್ಟಿಲರಿಗೆ 6,000ಕ್ಕೆ ಕೊಟ್ಟಿರಿ. ಅವರು ಸ್ಪಿರಿಟ್ ಮಾಡಿ ಮಾರಿದರು. ಉಳಿದ ಖರ್ಚೆಲ್ಲ ಕಳೆದು ಟನ್ ಕಾಕಂಬಿಗೆ 7,500 ಕೈಗೆ ಬಂತು. ಅವರ ಪುಸ್ತಕದಲ್ಲಿ 1,500 ಲಾಭ. ಆದರೆ 9,000 ಬರುವ ಕಡೆ ಕಂಪನಿಗೆ ಬಂದಿದ್ದು 7,500. ಅಲ್ಲಿಗೆ 1,500 ನಷ್ಟವೇ ಅಲ್ವಾ? ಡಿಸ್ಟಿಲರಿ ಮ್ಯಾನೇಜರ್ ಇನ್ನೂ ಜಾಸ್ತಿ ಕಾಕಂಬಿ ಕೇಳುತ್ತಾರೆ. ತಪ್ಪು ಅವರದಲ್ಲ, ನೀವು ಹಾಕಿದ ದರದ್ದು.

ತಯಾರಿಕೆ ಖರ್ಚಿನ ಮೇಲೆ ಇಷ್ಟು ಪರ್ಸೆಂಟ್ ಸೇರಿಸೋಣ ಅಂತಾರೆ. ಕಾಕಂಬಿಗೆ ಅದು ಹೊಂದಲ್ಲ. ಕಬ್ಬು ಅರೆದಾಗ ಸಕ್ಕರೆ, ಕಾಕಂಬಿ, ಸಿಪ್ಪೆ ಎಲ್ಲ ಒಟ್ಟಿಗೇ ಬರುತ್ತವೆ. ಆ ಖರ್ಚಲ್ಲಿ ಯಾರ ಪಾಲೆಷ್ಟು ಅನ್ನೋದು ಬರೀ ಅಂದಾಜು. ಹೊರಗಿನ ದರವನ್ನೇ ಹಿಡಿ. ಡಿಸ್ಟಿಲರಿ ಹೊರಗೆ ಕೊಂಡರೆ ಟ್ಯಾಂಕರ್ ಬಾಡಿಗೆ 800 ಸೇರಿ 9,800 ಬೀಳುತ್ತೆ ಅಂತಿಟ್ಟುಕೋ. 9,000ಕ್ಕೂ 9,800ಕ್ಕೂ ನಡುವೆ ಇಬ್ಬರು ಮ್ಯಾನೇಜರ್‌ಗಳು ಚೌಕಾಶಿ ಮಾಡಿಕೊಳ್ಳಲಿ. ಟ್ಯಾಂಕು ತುಂಬಿದೆ, ಹೊರಗೆ ಕೊಳ್ಳುವವರೇ ಇಲ್ಲ ಅನ್ನುವಾಗ ಮಾತ್ರ ಇದಕ್ಕಿಂತ ಕೆಳಗಿಳಿ.

ನನಗೆ ಇದರಲ್ಲಿ ಜಾಸ್ತಿ ಚುಚ್ಚುವುದು ರೈತರ ವಿಷಯ. ಸಕ್ಕರೆ ಮತ್ತು ಉಪ ಉತ್ಪನ್ನಗಳ ಆದಾಯದಲ್ಲಿ 70 ಪರ್ಸೆಂಟ್ ಕಬ್ಬಿನ ಬೆಲೆಯಾಗಿ ಹೋಗಬೇಕು ಅಂತ 2012ರಲ್ಲಿ, ಸಕ್ಕರೆ ಉದ್ಯಮದ ಬಗ್ಗೆ ಕೇಂದ್ರ ಸರ್ಕಾರ ನೇಮಿಸಿದ್ದ ರಂಗರಾಜನ್ ಸಮಿತಿ ಹೇಳಿತು. ಹಾಗೆ ಹಂಚುವ ಕಡೆ ಕಾಕಂಬಿಗೆ 3,000 ಕಡಿಮೆ ಬರೆದರೆ ಏನಾಗುತ್ತೆ? ಟನ್‌ಗೆ 2,100 ಬೆಳೆಗಾರನ ಪಾಲಿಂದ ಹೋಯಿತು. ಅವನಿಗೆ ನಿಮ್ಮ ಒಳಗಿನ ಚೀಟಿ ಕಾಣುವುದೂ ಇಲ್ಲ. ಸಿಪ್ಪೆಯನ್ನು ಕೋಜೆನ್‌ಗೆ, ಅಂದರೆ ಅದನ್ನು ಸುಟ್ಟು ಕರೆಂಟ್ ಮಾಡುವ ಘಟಕಕ್ಕೆ ಕೊಡುವಾಗಲೂ ಇದೇ ಕತೆ.

ಸೋಮವಾರ ಹೋದ ತಕ್ಷಣ, ಹೊರಗೆ ಮಾರಿದ ಕಾಕಂಬಿಯ ಬಿಲ್ಲುಗಳನ್ನು ತರಿಸಿಕೋ. ಲ್ಯಾಬ್ ರಿಪೋರ್ಟನ್ನೂ ಪಕ್ಕದಲ್ಲಿ ಇಟ್ಟುಕೋ. ಸಕ್ಕರೆ ಪೂರ್ತಿ ತೆಗೆಯುವ ಮೊದಲೇ ಬೇರೆ ಮಾಡಿದ ಬಿ ಹೆವಿ ಕಾಕಂಬಿಯಲ್ಲಿ ಸಕ್ಕರೆ ಅಂಶ ಜಾಸ್ತಿ, ಕೊನೆಗೆ ಉಳಿಯುವ ಸಿ ಹೆವಿಯಲ್ಲಿ ಕಡಿಮೆ. ಎರಡಕ್ಕೂ ಒಂದೇ ದರ ಹಾಕಿಬಿಡಬೇಡ. ಎಷ್ಟು ದರ ಬಂತು ಅಂತ ರಾತ್ರಿ ಫೋನ್ ಮಾಡು.

ನಿನ್ನ ಅಪ್ಪ