ಶ್ಲಾಯರ್ ಹಾಲ್ ಹತ್ತಿರ ಸಿಗೋಣ

ಪ್ರಿಯ ಬಂಧುಗಳೇ,

"ಶ್ಲಾಯರ್ ಹಾಲ್ ಪಾರ್ಕಿಂಗ್ ಹತ್ತಿರ ಸೇರೋಣ" ಅಂತ ಸಂಘದ ವಾಟ್ಸಾಪ್ ಗುಂಪಿನಲ್ಲಿ ಎಷ್ಟು ಸಲ ಬರೆದಿದ್ದೇನೋ, ಲೆಕ್ಕವಿಲ್ಲ. ಸ್ಟುಟ್‌ಗಾರ್ಟ್‌ನ ಕಾನ್‌ಸ್ಟಾಟ್‌ನಲ್ಲಿರುವ ಆ ಸಭಾಂಗಣ ನಮಗೆಲ್ಲ ಒಂದು ಗುರುತಿನ ಜಾಗ. ಊರಲ್ಲಿ ಅರಳಿಕಟ್ಟೆ ಇದ್ದ ಹಾಗೆ. ಇಷ್ಟು ವರ್ಷ ಆ ಹೆಸರು ಯಾರದು ಅಂತ ಕೇಳುವ ಗೋಜಿಗೇ ನಾನು ಹೋಗಿರಲಿಲ್ಲ. ಯಾರೋ ಹಳೇ ಮೇಯರ್ ಇರಬೇಕು ಅಂದುಕೊಂಡಿದ್ದೆ. ಕಳೆದ ಚಳಿಗಾಲದಲ್ಲಿ ಸುಮ್ನೆ ಕೂತು ಓದಲು ಶುರುಮಾಡಿದೆ. ಆಮೇಲೆ ಬಿಡಲಾಗಲಿಲ್ಲ.

ಹಾನ್ಸ್ ಮಾರ್ಟಿನ್ ಶ್ಲಾಯರ್ ಹುಟ್ಟಿದ್ದು 1915ರಲ್ಲಿ, ಓಫನ್‌ಬುರ್ಗ್‌ನಲ್ಲಿ. ಹದಿನೆಂಟು ತುಂಬಿದ ಕೂಡಲೇ, 1933ರಲ್ಲಿ, ಹಿಟ್ಲರನ ಎಸ್‌ಎಸ್ ಪಡೆ ಸೇರಿದರು. ಹೈಡಲ್‌ಬರ್ಗ್‌ನಲ್ಲಿ ಕಾನೂನು ಓದಿದರು. ಅಲ್ಲಿನ ವಿದ್ಯಾರ್ಥಿ ಸಂಘದಲ್ಲಿ ಕತ್ತಿವರಸೆ ಆಡಿ ಕೆನ್ನೆಗೆ ಬಿದ್ದ ಗಾಯದ ಗೆರೆ ಕೊನೆಯವರೆಗಿನ ಫೋಟೋಗಳಲ್ಲೂ ಕಾಣುತ್ತದೆ. ಯುದ್ಧ ಶುರುವಾದಾಗ ಸ್ವಲ್ಪ ಕಾಲ ಸೈನ್ಯದಲ್ಲೂ ಇದ್ದರು, ಗಾಯವಾಗಿ ಹೊರಬಂದರು. ಎಸ್‌ಎಸ್‌ನಲ್ಲಿ ಅವರು ಏರಿದ್ದು ಉಂಟರ್‌ಸ್ಟುರ್ಮ್‌ಫ್ಯೂರರ್ ದರ್ಜೆಗೆ. ಸೈನ್ಯದ ಲೆಕ್ಕದಲ್ಲಿ ಸೆಕೆಂಡ್ ಲೆಫ್ಟಿನೆಂಟ್.

ದರ್ಜೆ ಸಣ್ಣದು. ಆದರೆ ಕೂತ ಕುರ್ಚಿ ಸಣ್ಣದಲ್ಲ. 1943ರ ಹೊತ್ತಿಗೆ ಅವರು ಜರ್ಮನರ ವಶದಲ್ಲಿದ್ದ ಪ್ರಾಗ್‌ನಲ್ಲಿ, ಬೊಹೆಮಿಯಾ ಮತ್ತು ಮೊರಾವಿಯಾದ ಕೈಗಾರಿಕೆಗಳ ಕೇಂದ್ರ ಸಂಘದ ಕಚೇರಿಯಲ್ಲಿದ್ದರು. ಚೆಕ್ ಕಾರ್ಖಾನೆಗಳನ್ನು ಜರ್ಮನಿಯ ಯುದ್ಧಕ್ಕೆ ದುಡಿಸುವುದು ಆ ಸಂಘದ ಕೆಲಸ. ಮುಂದೆ ಇಡೀ ದೇಶದ ಉದ್ಯಮಿಗಳ ನಾಯಕನಾದ ಮನುಷ್ಯ ಉದ್ಯಮ ಸಂಘದ ಕೆಲಸ ಕಲಿತದ್ದು ಅಲ್ಲಿ. ಅವರ ಬದುಕನ್ನು "ಮೊದಲು ನಾಜಿ, ಆಮೇಲೆ ಉದ್ಯಮಿ" ಅಂತ ಎರಡು ತುಂಡು ಮಾಡಿ ಹೇಳುವವರು ಜಾಸ್ತಿ. ನನಗೆ ಹಾಗೆ ಕಾಣಲಿಲ್ಲ. ಕಸುಬು ಒಂದೇ ಇತ್ತು, ಯಜಮಾನರು ಬದಲಾದರು.

ಯುದ್ಧ ಮುಗಿದ ಮೇಲೆ ಸುಮಾರು ಮೂರು ವರ್ಷ ಸೆರೆಯಲ್ಲಿದ್ದರು. ನಾಜಿ ಹಿನ್ನೆಲೆಯ ವಿಚಾರಣೆಯಲ್ಲಿ ತಮ್ಮ ಎಸ್‌ಎಸ್ ದರ್ಜೆಯನ್ನು ಇಳಿಸಿಯೇ ಹೇಳಿಕೊಂಡರು. ಕೊನೆಗೆ "ಸುಮ್ಮನೆ ಜೊತೆಗೆ ಹೋದವನು" ಎಂಬ ಹಗುರ ಪಟ್ಟಿಯಲ್ಲಿ ಹೆಸರು ಸೇರಿತು. 1949ರಲ್ಲಿ ಬಾಡನ್-ಬಾಡನ್‌ನ ವಾಣಿಜ್ಯ ಮಂಡಳಿ, 1951ರಲ್ಲಿ ಡೈಮ್ಲರ್-ಬೆಂಜ್. ನಮ್ಮಲ್ಲಿ ಎಷ್ಟೋ ಮಂದಿಯ ಕೈಯಲ್ಲಿ ಇವತ್ತು ಇರುವುದು ಅದೇ ಕಂಪನಿಯ ಗುರುತಿನ ಚೀಟಿ, ಅಲ್ವಾ?

ಈ ಕಥೆಯಲ್ಲಿ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು 1963ರ ವಸಂತ. ಇಲ್ಲಿ ಲೋಹ ಕಾರ್ಮಿಕರು ಸಂಬಳಕ್ಕಾಗಿ ಮುಷ್ಕರ ಹೂಡಿದರು. ಮಾಲೀಕರ ಸಂಘದ ಪರವಾಗಿ ಶ್ಲಾಯರ್ ಕೊಟ್ಟ ಉತ್ತರ ಲಾಕೌಟ್. ಎರಡು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಗೇಟಿನ ಹೊರಗೆ ಉಳಿದರು. ಆಗಿನ ರಾಜಧಾನಿ ಬಾನ್‌ನಿಂದ ಆರ್ಥಿಕ ವ್ಯವಹಾರಗಳ ಮಂತ್ರಿ ಲೂಡ್ವಿಗ್ ಎರ್ಹಾರ್ಡ್ ಮಧ್ಯೆ ಬರಬೇಕಾಯಿತು.

ಮೇಜಿನ ಆಚೆ ಕೂತಿದ್ದವರು ಲೋಹ ಕಾರ್ಮಿಕರ ಸಂಘವಾದ ಐಜಿ ಮೆಟಾಲ್‌ನ ವಿಲ್ಲಿ ಬ್ಲೈಖರ್. 1907ರಲ್ಲಿ ಹುಟ್ಟಿದ ಇದೇ ಕಾನ್‌ಸ್ಟಾಟ್‌ನ ಹುಡುಗ. ಕಮ್ಯುನಿಸ್ಟ್ ಅಂತ 1936ರಲ್ಲಿ ಬಂಧಿಸಿದರು. 1938ರಲ್ಲಿ ಬುಖೆನ್‌ವಾಲ್ಡ್ ಸೆರೆಶಿಬಿರ, 1945ರವರೆಗೆ ಸೆರೆ. ಬುಖೆನ್‌ವಾಲ್ಡ್‌ನಲ್ಲಿ ಕೈದಿಗಳ ಬಟ್ಟೆಬರೆ ಇಡುವ ಉಗ್ರಾಣದಲ್ಲಿ ಕೆಲಸ. ಮೂರು ವರ್ಷದ ಒಬ್ಬ ಯಹೂದಿ ಮಗುವನ್ನು ಬ್ಲೈಖರ್ ಮತ್ತು ಸಂಗಡಿಗರು ಸಾವಿನಿಂದ ಕಾಪಾಡಿದರು. ಮಗು ಉಳಿಯಿತು. 1965ರಲ್ಲಿ ನಾಜಿಗಳು ಕೊಂದ ಯಹೂದಿಗಳ ನೆನಪಿಗಾಗಿ ಇರುವ ಜೆರುಸಲೇಮ್‌ನ ಯಾದ್ ವಾಷೆಮ್ ಸಂಸ್ಥೆ ಅದಕ್ಕಾಗಿ ಅವರನ್ನು ಗೌರವಿಸಿತು.

ಅಂದರೆ ಎಸ್‌ಎಸ್‌ನ ಹಳೇ ಅಧಿಕಾರಿ ಮತ್ತು ಎಸ್‌ಎಸ್‌ನ ಹಳೇ ಕೈದಿ ಎದುರುಬದುರು ಕೂತು ಶೇಕಡಾವಾರು ಸಂಬಳ ಏರಿಕೆಯ ಚೌಕಾಸಿ ಮಾಡಿದರು! ಒಂದು ಸಲವಲ್ಲ, ವರ್ಷಗಟ್ಟಲೆ. 1971ರಲ್ಲಿ ಮತ್ತೆ ಮುಷ್ಕರ, ಮತ್ತೆ ಲಾಕೌಟ್, ಮತ್ತೆ ಅದೇ ಇಬ್ಬರು. ಇಬ್ಬರಿಗೂ ಎದುರಿನವನ ಹಿಂದಿನ ಕಥೆ ಗೊತ್ತಿತ್ತು. ಆದರೂ ಪ್ರತಿ ಸಲ ಕಾಗದಕ್ಕೆ ಸಹಿ ಬಿತ್ತು. ನಮ್ಮಲ್ಲಿ ಹಲವರ ಸಂಬಳದ ಚೀಟಿಯಲ್ಲಿ ಇಜಿ ಅಂತ ಬರುವ ಸಂಬಳದ ದರ್ಜೆ, ವಾರಕ್ಕೆ 35 ಗಂಟೆಯ ಕೆಲಸ, ಇವು ಬಂದದ್ದು ಇವರಿಬ್ಬರೂ ಹೋದ ಮೇಲೆ. ಆದರೆ ಅವು ಹುಟ್ಟಿದ್ದು ಅಂಥ ಮೇಜಿನ ಮೇಲೇ. ಆ ಮೇಜಿನಲ್ಲಿ ಬ್ಲೈಖರ್‌ಗೆ ಹೊಟ್ಟೆಯೊಳಗೆ ಏನಾಗುತ್ತಿತ್ತೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

1973ರಲ್ಲಿ ಶ್ಲಾಯರ್ ಇಡೀ ಪಶ್ಚಿಮ ಜರ್ಮನಿಯ ಮಾಲೀಕರ ಒಕ್ಕೂಟಕ್ಕೆ ಅಧ್ಯಕ್ಷರಾದರು. ಕಾರ್ಮಿಕ ಸಂಘಗಳ ಜೊತೆ ವ್ಯವಹರಿಸುವ ಒಕ್ಕೂಟ ಅದು. ತೆರಿಗೆ, ವ್ಯಾಪಾರ ಅಂತ ಸರ್ಕಾರದ ಜೊತೆ ಮಾತಾಡುವ ಕೈಗಾರಿಕಾ ಒಕ್ಕೂಟ ಬೇರೆಯೇ ಇದೆ. 1977ರಲ್ಲಿ ಅದರ ಅಧ್ಯಕ್ಷಗಿರಿಯೂ ಅವರಿಗೇ ಬಂತು.

ಅದೇ ವರ್ಷ ಸೆಪ್ಟೆಂಬರ್ 5. ಕಲೋನ್‌ನಲ್ಲಿ ಮನೆ ಕಡೆ ಹೊರಟಿದ್ದ ಅವರ ಕಾರಿಗೆ ರೆಡ್ ಆರ್ಮಿ ಫ್ರಾಕ್ಷನ್ ಎಂಬ ಉಗ್ರರ ಗುಂಪು ಅಡ್ಡ ಹಾಕಿತು. ಚಾಲಕ ಮತ್ತು ಮೂವರು ಪೊಲೀಸರು ಅಲ್ಲೇ ಸತ್ತರು. ಶ್ಲಾಯರ್ ಅವರನ್ನು ಎಳೆದೊಯ್ದರು. ಜೈಲಿನಲ್ಲಿರುವ ನಮ್ಮವರನ್ನು ಬಿಡಿ ಅನ್ನುವುದು ಬೇಡಿಕೆ. ಚಾನ್ಸಲರ್ ಹೆಲ್ಮುಟ್ ಶ್ಮಿಟ್ ಬಗ್ಗಲಿಲ್ಲ. ಮನೆಯವರು ಸಂವಿಧಾನ ನ್ಯಾಯಾಲಯಕ್ಕೆ ಹೋದರು, ಅಲ್ಲೂ ಸೋತರು. ಅಕ್ಟೋಬರ್ 18ರಂದು ಸೊಮಾಲಿಯಾದ ಮೊಗದಿಶುವಿನಲ್ಲಿ ಜರ್ಮನ್ ಕಮಾಂಡೋಗಳು ಅದೇ ಬೇಡಿಕೆಗಾಗಿ ಅಪಹರಣವಾಗಿದ್ದ ಲುಫ್ತಾನ್ಸಾ ವಿಮಾನದ ಪ್ರಯಾಣಿಕರನ್ನು ಬಿಡಿಸಿದರು. ಆ ರಾತ್ರಿಯೇ ರೆಡ್ ಆರ್ಮಿ ಗುಂಪಿನ ಮೂವರು ಮುಖಂಡರು ನಮ್ಮ ಪಕ್ಕದ ಸ್ಟಾಮ್‌ಹೈಮ್ ಜೈಲಿನಲ್ಲಿ ಸತ್ತರು. ಮಾರನೇ ದಿನ ಫ್ರಾನ್ಸಿನ ಮುಲೂಸ್‌ನಲ್ಲಿ ಒಂದು ಆಡಿ ಕಾರಿನ ಡಿಕ್ಕಿಯಲ್ಲಿ ಶ್ಲಾಯರ್ ಅವರ ಹೆಣ ಸಿಕ್ಕಿತು.

"ಅವನು ನಾಜಿ ತಾನೇ" ಅಂತ ಯಾರಾದರೂ ಹೇಳಬಹುದು. ನಾಜಿ ಆಗಿದ್ದು ನಿಜ. ಆದರೆ ಆ ಚಾಲಕ, ಆ ಪೊಲೀಸರು ಏನು ಮಾಡಿದ್ದರು? ಕೊಲೆಯಿಂದ ಇನ್ನೊಂದೂ ಆಯಿತು. ಪ್ರಾಗ್‌ನ ವರ್ಷಗಳ ಬಗ್ಗೆ ಅವರನ್ನೇ ಕೂರಿಸಿ ಕೇಳಬೇಕಾಗಿದ್ದ ಪ್ರಶ್ನೆಗಳು ಅವರ ಜೊತೆಗೇ ಮಣ್ಣಾದವು. 1983ರಲ್ಲಿ ಹೊಸ ಸಭಾಂಗಣ ತೆರೆದಾಗ ಊರು ಹೆಸರಿಟ್ಟಿದ್ದು ಉಗ್ರರಿಗೆ ಬಲಿಯಾದವರಿಗೆ. ಪ್ರಾಗ್‌ನ ಶ್ಲಾಯರ್ ಕೂಡ ಅದೇ ಫಲಕದ ಮೇಲೆ ಹತ್ತಿ ಕೂತರು.

ಹೆಸರು ಬದಲಿಸಬೇಕು ಅನ್ನುವವರಿದ್ದಾರೆ. ನಾನು ಬೇಡ ಅನ್ನುವ ಪೈಕಿ. ಹೆಸರು ತೆಗೆದರೆ ನನ್ನಂಥವರು ಓದುವುದೂ ಇಲ್ಲ. ಬ್ಲೈಖರ್ ಹೆಸರಿನ ರಸ್ತೆಯೂ ಊರ ನಡುವೆ ಇದೆ, ಕಾರ್ಮಿಕ ಸಂಘಗಳ ಕಟ್ಟಡ ಇರುವುದು ಅಲ್ಲೇ. ಆದರೆ ಆ ಕಾನ್‌ಸ್ಟಾಟ್ ಹುಡುಗನ ಸ್ವಂತ ಊರಿನಲ್ಲಿ ದೊಡ್ಡಕ್ಷರದಲ್ಲಿ ಕಾಣುವುದು ಎದುರಾಳಿಯ ಹೆಸರು.

ಅಂದ ಹಾಗೆ, ಪಿಕ್‌ನಿಕ್ ಬಸ್ಸು ಬೆಳಿಗ್ಗೆ 8ಕ್ಕೆ ಅಲ್ಲಿಂದಲೇ ಹೊರಡುತ್ತದೆ. ಹತ್ತು ನಿಮಿಷ ಮೊದಲೇ ಬನ್ನಿ. ಪುಳಿಯೋಗರೆ ತರುವವರು ಮಾತ್ರ ಈಗಲೇ ಹೆಸರು ಕೊಡಿ, ಹೋದ ಸಲ ನಾಲ್ಕು ಮನೆಯವರು ಅದನ್ನೇ ತಂದಿದ್ದರು.

ನಿಮ್ಮ ಸಂಪಾದಕ