ಆ ಒಂದು ಚುಚ್ಚುಮದ್ದು ಹಾಕಿಸಿಕೊಂಡು ಬಾ

ಪ್ರೀತಿಯ ಪುಟ್ಟಿ,

ಊರಿಗೆ ಹೊರಡುವ ಮೊದಲು ಮಗುವಿಗೆ ದಡಾರದ ಲಸಿಕೆ ಹಾಕಿಸುವುದಿಲ್ಲ ಎಂದು ನೀನು ಹೇಳಿದಾಗ, ನಿನ್ನೆ ಫೋನಿನಲ್ಲಿ ನಾನು "ಹಾಗಾದರೆ ಮಗುವನ್ನು ಕರೆದುಕೊಂಡು ಬರಲೇಬೇಡ" ಎಂದೆ. ನೀನು ಮಾತಿಲ್ಲದೆ ಫೋನ್ ಇಟ್ಟುಬಿಟ್ಟೆ. ಮೊಮ್ಮಗಳು ಹುಟ್ಟಿ ಎಂಟು ತಿಂಗಳಾದರೂ ಇನ್ನೂ ಎತ್ತಿ ಆಡಿಸದ ಅಜ್ಜಿಯ ಬಾಯಲ್ಲಿ ಇಂಥ ಮಾತು ಬಂತಲ್ಲ ಎಂದು ನಿನಗೆ ಎಷ್ಟು ನೊಂದಿರಬೇಕು. ನೋಯಿಸಿದ್ದಕ್ಕೆ ಕ್ಷಮೆ ಕೇಳುತ್ತೇನೆ. ಮಾತನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ.

ನೀನು ಲಸಿಕೆಯನ್ನು ಬೇಡವೆನ್ನುವವಳಲ್ಲ ಎಂಬುದು ನನಗೆ ಗೊತ್ತು. ವರ್ಷ ತುಂಬಿದ ಮೇಲೆ ಹೇಗೂ ದಡಾರದ ಲಸಿಕೆ ಎರಡು ಬಾರಿ ಹಾಕಿಸಬೇಕು, ಪ್ರಯಾಣಕ್ಕೆಂದು ಈಗ ಕೊಡುವ ಡೋಸು ಆ ಲೆಕ್ಕಕ್ಕೆ ಸೇರುವುದಿಲ್ಲ, ಮಗುವಿಗೆ ಮೂರು ಸಲ ಏಕೆ ಚುಚ್ಚಿಸಲಿ ಎಂಬುದು ನಿನ್ನ ವಾದ. ನಿಮ್ಮ ಡಾಕ್ಟರೇ ಹಾಕಿಸಿ ಎಂದರೂ ನಿನಗೆ ಮನಸ್ಸಾಗಲಿಲ್ಲ. ನಿನಗೆ ಇದುವರೆಗೆ ಹೇಳದ ಒಂದು ಸಂಗತಿಯನ್ನು ಈಗ ಹೇಳಲೇಬೇಕಾಗಿದೆ.

ನಾನು ಚಿಕ್ಕವಳಿದ್ದಾಗ ನಮ್ಮ ಪಕ್ಕದ ಮನೆಯಲ್ಲಿ ನನ್ನದೇ ವಯಸ್ಸಿನ ಒಬ್ಬ ಹುಡುಗಿ ಇದ್ದಳು. ಮಳೆಗಾಲವಿಡೀ ಅವರ ಜಗುಲಿಯಲ್ಲಿ ಚೆನ್ನೆಮಣೆ ಆಡುತ್ತಿದ್ದೆವು. ಅವಳ ಕೈ ಬಹಳ ಚುರುಕು. ಗುಳಿಯಿಂದ ಕಾಳು ಬಾಚಿ ಒಂದೊಂದಾಗಿ ಹಾಕುತ್ತ ಹೋದರೆ ನನ್ನ ಕಣ್ಣಿಗೆ ಲೆಕ್ಕ ಸಿಗುತ್ತಿರಲಿಲ್ಲ. ಎಂಟು ವರ್ಷದ ಸುಮಾರಿಗೆ, ಆಡುತ್ತಿದ್ದ ಹಾಗೆಯೇ ಅವಳ ಕೈ ಒಮ್ಮೆ ಝಕ್ ಎಂದು ಅದುರಿ ಕಾಳುಗಳೆಲ್ಲ ಜಗುಲಿಯ ಮೇಲೆ ಚೆಲ್ಲಿದವು. ಸೋಲುವ ಹೊತ್ತಿಗೆ ಬೇಕೆಂದೇ ಚೆಲ್ಲುತ್ತಿದ್ದಾಳೆಂದು ನಾನು ಜಗಳವಾಡಿದೆ. ಮರುದಿನವೂ ಚೆಲ್ಲಿದಳು. ಆಮೇಲೆ ಲೋಟ ಬೀಳತೊಡಗಿತು, ಬಳಪ ಬೀಳತೊಡಗಿತು. ಶಾಲೆಯಲ್ಲಿ ಬರುತ್ತಿದ್ದ ಮಗ್ಗಿ ಮರೆತುಹೋಯಿತು. ಮೇಷ್ಟರು ಸೋಮಾರಿ ಎಂದು ಹೊಡೆದರು. ತಲೆ ತಟ್ಟನೆ ಮುಂದಕ್ಕೆ ಬಾಗುತ್ತಿತ್ತು. ಮನೆಯವರು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದರು. ಮುಂದಿನ ಮಳೆಗಾಲ ಬರುವಾಗ ಅವಳು ನನ್ನ ಗುರುತು ಹಿಡಿಯುತ್ತಿರಲಿಲ್ಲ. ಅದರ ಮುಂದಿನ ಮಳೆಗಾಲಕ್ಕೆ ಅವಳಿರಲಿಲ್ಲ.

ಕೈಗೂಸಾಗಿದ್ದಾಗ ಅವಳಿಗೆ ದಡಾರವಾಗಿತ್ತು. ಅಮ್ಮ ಬಂದಿದ್ದಾಳೆಂದು ಬೇವಿನ ಸೊಪ್ಪು ಇಟ್ಟು, ತಂಪು ಮಾಡಿ, ವಾಸಿಯಾದ ಮೇಲೆ ಪೂಜೆ ಮಾಡಿದ್ದರಂತೆ. ಎಲ್ಲರೂ ಅದನ್ನು ಮರೆತಿದ್ದರು. ನರ್ಸಿಂಗ್ ತರಬೇತಿಯಲ್ಲಿ ಪಾಠ ಹೇಳುತ್ತಿದ್ದವರು ಎಸ್‌ಎಸ್‌ಪಿಇ ಎಂಬ ಕಾಯಿಲೆಯನ್ನು ವಿವರಿಸಿದ ದಿನ ನಾನು ಬೆಂಚಿನಲ್ಲೇ ಬೆವೆತುಹೋದೆ. ದಡಾರದ ವೈರಾಣು ಮೆದುಳಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಉಳಿದು, ಮಗು ಚೆನ್ನಾಗಿ ಬೆಳೆದು ಶಾಲೆಗೆ ಹೋಗುವ ವಯಸ್ಸಿನಲ್ಲಿ ಎದ್ದುಬರುತ್ತದೆ. ಕೈಕಾಲು ಅದುರುವುದು, ವಸ್ತು ಬೀಳಿಸುವುದು, ಕಲಿತದ್ದು ಮರೆಯುವುದು. ಗುಣಪಡಿಸುವ ಮದ್ದು ಅಂದೂ ಇರಲಿಲ್ಲ, ಇಂದೂ ಇಲ್ಲ. ಜಗುಲಿಯಲ್ಲಿ ಕಾಳು ಚೆಲ್ಲಿದ ಸದ್ದು ಆ ತರಗತಿಯಲ್ಲಿ ನನ್ನ ಕಿವಿಗೆ ಬಿತ್ತು. ನಾನು ಅವಳನ್ನು ಮೋಸಗಾತಿ ಎಂದಿದ್ದೆ, ಪುಟ್ಟಿ.

ಹಳೆಯ ಕಾಲದ ಕಥೆ ಎಂದು ನೀನು ಹೇಳಬಹುದು. ನಿಮ್ಮ ಅಮೆರಿಕದಲ್ಲೇ, ಲಾಸ್ ಏಂಜಲೀಸ್ ಕೌಂಟಿಯಲ್ಲಿ, 2025ರ ಸೆಪ್ಟೆಂಬರಿನಲ್ಲಿ ಶಾಲೆಗೆ ಹೋಗುವ ವಯಸ್ಸಿನ ಒಂದು ಮಗು ಇದೇ ಕಾಯಿಲೆಯಿಂದ ತೀರಿಕೊಂಡಿತೆಂದು ಅಲ್ಲಿನ ಆರೋಗ್ಯ ಇಲಾಖೆ ತಿಳಿಸಿತು. ಲಸಿಕೆಯ ವಯಸ್ಸು ತುಂಬುವ ಮೊದಲೇ ಆ ಕೂಸಿಗೆ ದಡಾರ ಬಂದು ಹೋಗಿತ್ತು. ಒಟ್ಟಾರೆ ದಡಾರ ಬಂದ 10,000 ಜನರಲ್ಲಿ ಒಬ್ಬರಿಗೆ ಹೀಗಾಗಬಹುದು ಎನ್ನುತ್ತಾರೆ. ವರ್ಷ ತುಂಬುವ ಮೊದಲೇ ಬಂದರೆ ಸುಮಾರು 600ರಲ್ಲಿ ಒಂದು ಮಗುವಿಗೆ. ನಿನ್ನ ಮಗಳಿಗೆ ವರ್ಷ ತುಂಬಿಲ್ಲ. ನನ್ನ ನಿದ್ದೆ ಕೆಡಿಸಿರುವುದು ಈ ಲೆಕ್ಕ.

ತಾಯಿಯ ಹಾಲು, ತಾಯಿಯ ರಕ್ಷಣೆ ಇದೆಯಲ್ಲ ಎಂದು ನೀನು ಹೇಳಿದೆ. ಅದನ್ನೂ ವಿವರಿಸುತ್ತೇನೆ. ನನಗೆ ಚಿಕ್ಕಂದಿನಲ್ಲಿ ದಡಾರವೇ ಬಂದಿತ್ತು. ಅದರಿಂದ ಮೈಯಲ್ಲಿ ಹುಟ್ಟಿದ, ರೋಗ ತಡೆಯುವ ಪ್ರತಿಕಾಯಗಳು ಹೆಚ್ಚು, ಹೊಟ್ಟೆಯಲ್ಲಿದ್ದಾಗ ನಿನಗೆ ಸಿಕ್ಕ ಪಾಲೂ ಹೆಚ್ಚು. ನಿನ್ನ ರಕ್ಷಣೆ ಲಸಿಕೆಯಿಂದ ಬಂದದ್ದು. ಲಸಿಕೆ ಪಡೆದ ತಾಯಂದಿರ ಕೂಸುಗಳಲ್ಲಿ ಆ ಪಾಲು ಬೇಗ ಕರಗುತ್ತದೆ. ಎಂಟನೆಯ ತಿಂಗಳಿಗೆ ಅದನ್ನು ನಂಬಿ ಕೂರುವಂತಿಲ್ಲ.

ಇನ್ನು ವಿಮಾನ. ದಡಾರ ಬಂದವರು ಹೋದ ಮೇಲೂ ಆ ಗಾಳಿಯಲ್ಲಿ ವೈರಾಣು ಎರಡು ಗಂಟೆಯವರೆಗೆ ಉಳಿಯಬಲ್ಲದು. ಗಂಧೆ ಏಳುವ ನಾಲ್ಕು ದಿನ ಮೊದಲೇ ಹರಡಲು ಶುರುವಾಗುತ್ತದೆ. ಪಕ್ಕದ ಸೀಟಿನವರಿಗೆ ತಮಗಿರುವುದು ದಡಾರವೆಂದು ಗೊತ್ತೇ ಇರುವುದಿಲ್ಲ. ರಕ್ಷಣೆಯಿಲ್ಲದ ಹತ್ತು ಜನ ಹತ್ತಿರವಿದ್ದರೆ ಒಂಬತ್ತು ಜನರಿಗೆ ಅಂಟುತ್ತದೆ. ನೀನಿರುವ ಟೆಕ್ಸಸ್‌ನಲ್ಲೇ 2025ರ ಜನವರಿಯಿಂದ ಆಗಸ್ಟ್‌ವರೆಗೆ 762 ಜನರಿಗೆ ಬಂತು, ಲಸಿಕೆ ಹಾಕಿಸದ ಇಬ್ಬರು ಮಕ್ಕಳು ತೀರಿಕೊಂಡರು. 2000ದಲ್ಲೇ ದಡಾರ ತೊಲಗಿತೆಂದು ಘೋಷಿಸಿಕೊಂಡ ದೇಶ ಅದು. ಪಕ್ಕದ ಕೆನಡಾ ದಡಾರ ತೊಲಗಿಸಿದ ದೇಶವೆಂಬ ಹೆಸರನ್ನು 2025ರ ನವೆಂಬರಿನಲ್ಲಿ ಕಳೆದುಕೊಂಡಿತು. ಅದೇ ತಿಂಗಳು ನಿಮ್ಮ ದೇಶದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಜಾಲತಾಣ, ಲಸಿಕೆಗೂ ಆಟಿಸಂಗೂ ಸಂಬಂಧವಿಲ್ಲವೆಂದು ದಶಕಗಳಿಂದ ಹೇಳಿಕೊಂಡು ಬಂದ ಮಾತನ್ನೇ ಬದಲಿಸಿತು. ಇಂಥ ಹೊತ್ತಿನಲ್ಲಿ ಓದಿದ ತಾಯಂದಿರೂ ಗೊಂದಲಕ್ಕೆ ಬೀಳುತ್ತಾರೆ, ಅದರಲ್ಲಿ ನಿನ್ನ ತಪ್ಪಿಲ್ಲ. ಆ ಸಂಬಂಧ ಕಟ್ಟಿದ 1998ರ ಲೇಖನವನ್ನು, ಅದನ್ನು ಪ್ರಕಟಿಸಿದ್ದ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು ಎಂಬುದನ್ನು ಮಾತ್ರ ನೆನಪಿಡು.

ಪಾಠ ಹೇಳಬಾರದೆಂದುಕೊಂಡು ಬರೆಯಲು ಕುಳಿತೆ, ಪಾಠವೇ ಆಯಿತು. 2017ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ಮೊಬೈಲಿನಲ್ಲಿ ಬಂದ ಸುಳ್ಳು ಸುದ್ದಿ ಹಿಡಿದುಕೊಂಡು ಜನ ನಮ್ಮನ್ನು ಬಾಗಿಲಿನಿಂದಲೇ ಕಳಿಸುತ್ತಿದ್ದರು. ಲಸಿಕೆಯ ಬಾಟಲಿ ಒಡೆದು ದ್ರಾವಣ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಆ ಗಡಿಯಾರವನ್ನು ನೋಡುತ್ತಲೇ ಜಗುಲಿಯಲ್ಲಿ ಕುಳಿತು ಒಬ್ಬೊಬ್ಬ ತಾಯಿಯ ಕೈಹಿಡಿದು ಒಪ್ಪಿಸಿದ್ದೇನೆ. ಎಷ್ಟೋ ಸಲ ಚೆನ್ನೆಮಣೆಯ ಹುಡುಗಿಯ ಕಥೆ ಹೇಳಬೇಕೆಂದು ಬಾಯಿತನಕ ಬರುತ್ತಿತ್ತು. ತಾಯಂದಿರನ್ನು ಹೆದರಿಸಬಾರದೆಂದು ನುಂಗಿಕೊಳ್ಳುತ್ತಿದ್ದೆ. ನಿನ್ನನ್ನು ಹೆದರಿಸುತ್ತಿದ್ದೇನೆ, ಏಕೆಂದರೆ ಹೆದರಿರುವವಳು ನಾನು. ಮೊನ್ನೆ ವಿಡಿಯೊದಲ್ಲಿ ಕೂಸು ಅಕ್ಕಿಯರಳನ್ನು ಎರಡೇ ಬೆರಳಿನಲ್ಲಿ ಹೆಕ್ಕಿ ಬಾಯಿಗಿಟ್ಟುಕೊಂಡಿತು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನನಗೆ ಆ ಬೆರಳುಗಳನ್ನೇ ನೋಡುತ್ತ ಕೂರುವಂತಾಯಿತು.

ಅಪ್ಪನ ಡಯಾಲಿಸಿಸ್ ಬಿಟ್ಟು ನಿನ್ನ ಬಾಣಂತನಕ್ಕೆ ನಾನು ಬರಲಾಗಲಿಲ್ಲ. ನೀವಿಬ್ಬರೇ, ಯಾರ ನೆರವೂ ಇಲ್ಲದೆ, ಮಗುವನ್ನು ಇಷ್ಟು ಚೆಂದ ಬೆಳೆಸಿದ್ದೀರಿ. ಊರಿನಲ್ಲಿ ಸಿಕ್ಕವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗುತ್ತೇನೆ. ಡಾಕ್ಟರನ್ನು ಪ್ರಶ್ನೆ ಕೇಳುವ ನಿನ್ನ ಧೈರ್ಯವೂ ನನಗೆ ಇಷ್ಟವೇ. ನನ್ನ ಕಾಲದ ತಾಯಂದಿರಿಗೆ ಅದಿರಲಿಲ್ಲ.

ಸೋಮವಾರ ಆಸ್ಪತ್ರೆಗೆ ಫೋನ್ ಮಾಡು. ಹೊರಡುವ ಎರಡು ವಾರ ಮೊದಲಾದರೂ ಹಾಕಿಸಿರಬೇಕು. ದಿನ ಸಾಲದಿದ್ದರೆ ಟಿಕೆಟ್ ಮುಂದಕ್ಕೆ ಹಾಕಿಸು, ಅದರ ಹಣವನ್ನು ನನ್ನ ಪಿಂಚಣಿಯಿಂದ ಕಳಿಸುತ್ತೇನೆ, ಅಳಿಯಂದಿರಿಗೂ ಹೀಗೆಂದು ಹೇಳು. ಹಾಕಿಸಿದ ಒಂದು ವಾರದ ನಂತರ ಮೈ ಸ್ವಲ್ಪ ಬಿಸಿಯಾಗಬಹುದು, ತೆಳುವಾಗಿ ಗಂಧೆ ಏಳಬಹುದು. ಅದಕ್ಕೆ ಗಾಬರಿಯಾಗಬೇಡ, ನನಗೆ ಫೋನ್ ಮಾಡು, ಇಲ್ಲಿ ನಡುರಾತ್ರಿಯಾದರೂ ಸರಿ. ಅಪ್ಪ ತೊಟ್ಟಿಲು ಇಳಿಸಿ ಒರೆಸಿದ್ದಾರೆ. ಲಸಿಕೆಯ ಕಾರ್ಡಿನ ಫೋಟೊ ಕಳಿಸು.

ಇಂತಿ,
ಅಮ್ಮ