ಹರಳು ಹುಡುಕುವ ಹುಡುಗರಿಗೆ ಇಲಾಖೆ ದಾರಿ ತೋರಿಸಲಿ

ಮಾನ್ಯ ಸಂಪಾದಕರೇ,

ಅಣು ಖನಿಜ ನಿರ್ದೇಶನಾಲಯವು ಯಾದಗಿರಿ ಜಿಲ್ಲೆಯಲ್ಲಿ ಲಿಥಿಯಂಗಾಗಿ ಪ್ರಾಥಮಿಕ ಸಮೀಕ್ಷೆ ನಡೆಸಿದೆ ಎಂದು ಕೇಂದ್ರ ಸರ್ಕಾರ 2024ರಲ್ಲಿ ಸಂಸತ್ತಿಗೆ ತಿಳಿಸಿದ ಮೇಲೆ ನಮ್ಮ ಗುಡ್ಡಗಳ ಬಗ್ಗೆ ಬಗೆಬಗೆಯ ಮಾತು ಹಬ್ಬಿದೆ. ಲಿಥಿಯಂ ಸಿಗುವ ಪೆಗ್ಮಟೈಟ್ ಎಂಬ ದೊಡ್ಡ ಹರಳುಗಳ ಕಲ್ಲಿನಲ್ಲಿ ಬೆರಿಲಿಯಂ ಧಾತುವಿನ ಖನಿಜವಾದ ಬೆರಿಲ್ ಕೂಡ ಇರುತ್ತದೆ, ಅದು ತಿಳಿನೀಲಿಯಾಗಿದ್ದರೆ ಬೆಲೆಬಾಳುವ ಅಕ್ವಾಮರೀನ್ ಎಂಬ ಅರೆಬರೆ ಮಾಹಿತಿ ಮೊಬೈಲುಗಳಲ್ಲಿ ಹರಿದಾಡುತ್ತಿದ್ದು, ರಜೆಯ ದಿನ ಸುತ್ತಿಗೆ, ಹಾರೆ ಹಿಡಿದು ಗುಡ್ಡ ಹತ್ತುವ ಹುಡುಗರು ಕಣ್ಣಿಗೆ ಬೀಳುತ್ತಿದ್ದಾರೆ. ಇವರನ್ನು ಗದರಿಸಿ ಕಳುಹಿಸುವುದು ಸುಲಭ; ಆದರೆ ಕಲ್ಲಿನ ಬಗ್ಗೆ ಹುಟ್ಟಿರುವ ಈ ಕುತೂಹಲವನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆ ಕಲಿಕೆಯ ಕಡೆಗೆ ತಿರುಗಿಸಬೇಕು ಎಂಬುದು ನನ್ನ ಕೋರಿಕೆ.

ಮೊದಲಿಗೆ, ಎಲ್ಲಿ ಹುಡುಕಿದರೂ ಹರಳು ಸಿಗುವುದಿಲ್ಲ. ಬೀದರ್ ಜಿಲ್ಲೆ ಮತ್ತು ಕಲಬುರಗಿಯ ಉತ್ತರ ಭಾಗ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ಕಪ್ಪುಕಲ್ಲಿನ ನೆಲ. ಬೀದರಿನಲ್ಲಿ ಅದರ ಮೇಲೆ ಜಂಬಿಟ್ಟಿಗೆ ಇದೆ. ಶಹಾಬಾದ್, ಸೇಡಂ, ಚಿತ್ತಾಪುರದ ಸುತ್ತ ಇರುವುದು ಫರ್ಸಿಗೆ ಬಳಸುವ ಸುಣ್ಣದಕಲ್ಲು. ಇವುಗಳಲ್ಲಿ ಬೆರಿಲ್ ಅರಸುವುದು ವ್ಯರ್ಥ. ಯಾದಗಿರಿ, ಶಹಾಪುರ, ಸುರಪುರದ ಕಡೆಯ ಗ್ರಾನೈಟ್ ಗುಡ್ಡಗಳು ಸುಮಾರು 250 ಕೋಟಿ ವರ್ಷ ಹಳೆಯವು. ಇಂಥ ಗ್ರಾನೈಟಿನ ಶಿಲಾರಸ ನೆಲದಾಳದಲ್ಲಿ ಗಟ್ಟಿಯಾಗುತ್ತ ಬಂದಾಗ ಕಡೆಯಲ್ಲಿ ಉಳಿಯುವ, ನೀರಿನಂಶ ಹೆಚ್ಚಿರುವ ರಸವು ಬಿರುಕುಗಳಿಗೆ ನುಗ್ಗಿ, ಬೆಣಚುಕಲ್ಲು, ಫೆಲ್ಡ್‌ಸ್ಪಾರ್ ಮತ್ತು ನಾವು ಕಾಗೆಬಂಗಾರ ಎನ್ನುವ ಅಭ್ರಕದ ದೊಡ್ಡ ದೊಡ್ಡ ಹರಳುಗಳಾಗಿ ಬೆಳೆದರೆ ಅದೇ ಪೆಗ್ಮಟೈಟ್. ಬೇರೆ ಖನಿಜಗಳಲ್ಲಿ ಸೇರದೆ ಉಳಿದ ಬೆರಿಲಿಯಂ, ಲಿಥಿಯಂನಂಥ ಧಾತುಗಳು ಈ ಕೊನೆಯ ರಸದಲ್ಲಿ ಶೇಖರವಾಗುತ್ತವೆ. ಹಾಗೆಂದು ಪ್ರತಿ ಪೆಗ್ಮಟೈಟಿನಲ್ಲೂ ಬೆರಿಲ್ ಇರುವುದಿಲ್ಲ. ಹೆಚ್ಚಿನವುಗಳಲ್ಲಿ ಬರಿಯ ಬಿಳಿಕಲ್ಲು, ಕೆಂಪು ಫೆಲ್ಡ್‌ಸ್ಪಾರ್ ಮಾತ್ರ.

ಬೆರಿಲ್ ಸಿಕ್ಕರೂ ಅದು ಸಾಮಾನ್ಯವಾಗಿ ಮಬ್ಬು ಹಸಿರು ಅಥವಾ ಬಿಳಿ ಬಣ್ಣದ, ಆರು ಮುಖದ ಕಂಬದಂಥ ಹರಳಾಗಿದ್ದು, ಆಭರಣಕ್ಕೆ ಬರುವಂಥದ್ದಲ್ಲ. ಅದರಲ್ಲಿನ ಅಲ್ಪ ಪ್ರಮಾಣದ ಕಬ್ಬಿಣ ನೀಲಿ ಬಣ್ಣ ಕೊಟ್ಟು, ಹರಳು ಒಳಗೆ ಬಿರುಕಿಲ್ಲದೆ ಪಾರದರ್ಶಕವಾಗಿ ಬೆಳೆದಿದ್ದರೆ ಮಾತ್ರ ಅಕ್ವಾಮರೀನ್ ಎನಿಸಿಕೊಳ್ಳುತ್ತದೆ. ಅಂಥ ಹರಳಿಗೆ ದಕ್ಷಿಣ ಭಾರತದಲ್ಲಿ ಹಳೆಯ ಹೆಸರು ತಮಿಳುನಾಡಿನ ಕಾಂಗೇಯಂ, ಕರೂರು ಭಾಗದ್ದು. ಗುರುತಿಸುವುದಕ್ಕೆ ದುಬಾರಿ ಯಂತ್ರವೇನೂ ಬೇಕಿಲ್ಲ. ಖನಿಜಗಳ ಗಡಸನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಬೆರಿಲ್‌ನ ಗಡಸುತನ 7.5ರಿಂದ 8 ಇರುವುದರಿಂದ ಅದು 7ರ ಬೆಣಚುಕಲ್ಲಿನ ಮೇಲೂ ಗೀರು ಹಾಕುತ್ತದೆ. ಅದೇ ಆರು ಮುಖದ ಆಕಾರ, ಅದೇ ನೀಲಿ-ಹಸಿರು ಬಣ್ಣದಿಂದ ಹಲವರನ್ನು ಏಮಾರಿಸುವ ಅಪಟೈಟ್ ಎಂಬ ಬೇರೊಂದು ಖನಿಜದ ಗಡಸುತನ 5 ಮಾತ್ರ ಇದ್ದು, ಒಳ್ಳೆಯ ಉಕ್ಕಿನ ಚಾಕು ಅದರ ಮೇಲೆ ಗೀರು ಮೂಡಿಸುತ್ತದೆ. ಒಡೆದ ಬಾಟಲಿಯ ಚೂರನ್ನು ಹರಳೆಂದು ತಂದು ತೋರಿಸುವವರೂ ಇದ್ದಾರೆ. ಗಾಜು ಈ ಗೀರಿನ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ.

ಕಾನೂನಿನ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. 2023ರಲ್ಲಿ ಗಣಿ ಮತ್ತು ಖನಿಜ ಕಾಯ್ದೆಗೆ ತಿದ್ದುಪಡಿ ತಂದು ಬೆರಿಲ್, ಲಿಥಿಯಂ ಸೇರಿದಂತೆ ಆರು ಖನಿಜಗಳನ್ನು ಅಣು ಖನಿಜಗಳ ಪಟ್ಟಿಯಿಂದ ತೆಗೆಯಲಾಯಿತು. ಇದನ್ನೇ ಕೆಲವರು ‘ಇನ್ನು ಯಾರು ಬೇಕಾದರೂ ಅಗೆಯಬಹುದು’ ಎಂದು ಅರ್ಥ ಮಾಡಿಕೊಂಡಂತಿದೆ. ವಾಸ್ತವದಲ್ಲಿ ಅವುಗಳನ್ನು ದೇಶಕ್ಕೆ ಅತ್ಯಗತ್ಯವೆಂದು ಗುರುತಿಸಿದ ನಿರ್ಣಾಯಕ ಖನಿಜಗಳ ಪಟ್ಟಿಗೆ ಸೇರಿಸಲಾಗಿದೆ. ಪರವಾನಗಿ ಇಲ್ಲದೆ ಶೋಧವನ್ನಾಗಲಿ, ಗಣಿಗಾರಿಕೆಯನ್ನಾಗಲಿ ನಡೆಸಿದರೆ 5 ವರ್ಷದವರೆಗೆ ಜೈಲು, ಹೆಕ್ಟೇರಿಗೆ 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು 1957ರ ಅದೇ ಕಾಯ್ದೆಯಲ್ಲಿ ಅವಕಾಶವಿದೆ. ಅರಣ್ಯ ಭೂಮಿಯಾದರೆ ಅರಣ್ಯ ಕಾಯ್ದೆಯೂ ಬರುತ್ತದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಸಂಗತಿ ಬೇರೆಯೇ ಇದೆ. ಹುಣಸಗಿ ಬಳಿಯ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷಗಳ ಹಿಂದೆ ಆದಿಮಾನವರು ಸುಣ್ಣದಕಲ್ಲಿನ ಚಪ್ಪಡಿಗಳನ್ನು ಒಡೆದು ಕೈಕೊಡಲಿ ಮಾಡಿದ ಜಾಗ ಉತ್ಖನನದಿಂದ ಬೆಳಕಿಗೆ ಬಂದಿದೆ. ಬೂದಿಹಾಳದ ಬೂದಿದಿಬ್ಬ, ಅಂದರೆ ಸುಟ್ಟ ಸಗಣಿಯ ಬೂದಿಯ ಗುಡ್ಡೆ, ನವಶಿಲಾಯುಗದ ದನಗಾಹಿಗಳದು. ಸುರಪುರ ಸೀಮೆಯ ಗುಡ್ಡಗಳ ಬುಡದಲ್ಲಿ ಇಂಥ ಹಳೆಯ ನೆಲೆಗಳು ಇನ್ನೂ ಹಲವಿವೆ. ಹರಳಿನ ಆಸೆಗೆ ಅಲ್ಲಿ ಒಂದಡಿ ಅಗೆದರೂ ಮಣ್ಣಿನ ಪದರಗಳ ಕ್ರಮ ಕೆಡುತ್ತದೆ, ಅದನ್ನು ಮತ್ತೆ ಜೋಡಿಸಲು ಯಾವ ತಜ್ಞರಿಂದಲೂ ಆಗದು.

ಆದ್ದರಿಂದ ಜಿಲ್ಲಾಡಳಿತ ಮತ್ತು ಇಲಾಖೆ ಸೇರಿ ವಿದ್ಯಾರ್ಥಿಗಳು ಏನನ್ನು ಎತ್ತಿಕೊಳ್ಳಬಹುದು, ಯಾರ ಅನುಮತಿ ಪಡೆಯಬೇಕು, ಯಾವ ಜಾಗಗಳಿಗೆ ಕೈ ಹಾಕಕೂಡದು ಎಂಬುದನ್ನು ಒಂದೇ ಪುಟದಲ್ಲಿ, ತಿಳಿಯಾದ ಕನ್ನಡದಲ್ಲಿ ಮುದ್ರಿಸಿ ಶಾಲಾ ಕಾಲೇಜುಗಳಿಗೆ ಹಂಚಬೇಕು. ಭೂವಿಜ್ಞಾನ ಬಲ್ಲವರ ಜೊತೆ ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಚಾಲ್ತಿಯಲ್ಲಿರುವ ಗ್ರಾನೈಟ್ ಕ್ವಾರಿಯೊಂದಕ್ಕೆ, ಕೆಲಸ ನಿಂತ ಹೊತ್ತಿನಲ್ಲಿ, ಹೆಲ್ಮೆಟ್ ಮತ್ತು ಕಣ್ಣಿನ ರಕ್ಷಣೆಯೊಂದಿಗೆ ಕರೆದೊಯ್ದರೆ, ಅಲ್ಲಿ ಈಗಾಗಲೇ ಒಡೆದು ಬಿದ್ದಿರುವ ಕಲ್ಲಿನ ರಾಶಿಯಲ್ಲೇ ಪೆಗ್ಮಟೈಟಿನ ಎಲ್ಲ ಪಾಠವನ್ನೂ ಕಲಿಸಬಹುದು. ಹಾಗೆ ಆರಿಸಿದ ಮಾದರಿಗಳನ್ನು ಸಿಕ್ಕಿದ ಜಾಗ ಮತ್ತು ದಿನಾಂಕ ಬರೆದ ಚೀಟಿಯೊಡನೆ ಜಿಲ್ಲಾ ಕೇಂದ್ರದ ಗ್ರಂಥಾಲಯದ ಒಂದು ಗಾಜಿನ ಕಪಾಟಿನಲ್ಲಿ ಇಡಲು ದೊಡ್ಡ ಅನುದಾನವೇನೂ ಬೇಕಾಗಲಾರದು.

ಇತಿ,
ಭೂವಿಜ್ಞಾನದ ನಿವೃತ್ತ ಉಪನ್ಯಾಸಕ, ಯಾದಗಿರಿ